ಸಿಹಿ ಖಾತೆಯ ಮಾವ

ಮಂಡ್ಯ ಸೀಮೆಯ ಮದುವೆ ಮನೆಯಲ್ಲಿ ಖಾತೆ ಹಂಚಿಕೆಗೆ ಯಾರೂ ಸಭೆ ಕರೆಯುವುದಿಲ್ಲ. ಚಪ್ಪರ ಒಬ್ಬರಿಗೆ, ಪತ್ರಿಕೆ ಹಂಚುವುದು ಬೈಕ್ ಇರುವ ಹುಡುಗರಿಗೆ, ಬೀಗರೂಟದ ಮರಿ ವ್ಯಾಪಾರ ಹಲ್ಲು ನೋಡಿ ವಯಸ್ಸು ಹೇಳಬಲ್ಲ ಹಿರಿಯರಿಗೆ, ಹೀಗೆ ಒಂದೊಂದೂ ತಾನಾಗಿ ಸೇರಬೇಕಾದ ಹೆಗಲು ಸೇರುತ್ತದೆ. ಸಿಹಿ ಖಾತೆಗೆ ಅಷ್ಟು ತಡವೂ ಇಲ್ಲ. ಅದರ ಮಂತ್ರಿಗಳು ಪ್ರಮಾಣವಚನ ಮುಗಿಸಿಕೊಂಡೇ ಬಂದಿರುತ್ತಾರೆ. ನಿಶ್ಚಿತಾರ್ಥದ ತಾಂಬೂಲ ಕೈ ಬದಲಾಗಿ ಎರಡು ನಿಮಿಷ ಆಗಿರುವುದಿಲ್ಲ, ಗೋಡೆ ಪಕ್ಕದ ಕುರ್ಚಿಯಿಂದ ದನಿ ಏಳುತ್ತದೆ: "ಅದೆಲ್ಲ ಸರಿ ಕಣಪ್ಪ, ಸೀ ಏನ್ ಮಾಡುಸ್ತೀರಿ?"

ಗೆಜ್ಜಲಗೆರೆಯ ಈ ಮಾವನನ್ನು ಕುಟುಂಬದ ಹುಡುಗರು ಬೆನ್ನ ಹಿಂದೆ ಸೀಮಾವ ಎನ್ನುತ್ತಾರೆ. ಎದುರಿಗೆ ಬರೀ ಮಾವ. ಈ ಲೇಖನ ಬರೆದವನು ಅವರಿಗೆ ಅಳಿಯನಾಗಬೇಕು. ಅಳಿಯ ಎಂದರೆ ಮಗಳನ್ನು ಕೊಟ್ಟ ಅಳಿಯನಲ್ಲ, ತಂಗಿಯ ಮಗ. ಕೊಟ್ಟ ಅಳಿಯನಾಗಿದ್ದರೆ ಕಾಲು ತೊಳೆಯಲು ನೀರಾದರೂ ಸಿಗುತ್ತಿತ್ತು. ತಂಗಿಯ ಮಗನಾದ್ದರಿಂದ ಡ್ರೈವರ್, ಗುಮಾಸ್ತ, ರುಚಿ ನೋಡುವವನು, ಬೈಸಿಕೊಳ್ಳುವವನು, ಈ ನಾಲ್ಕೂ ಹುದ್ದೆ ಒಬ್ಬನ ತಲೆಗೇ ಬಿದ್ದಿವೆ.

ಇಂಥವರು ಇಲ್ಲದ ಊರಿಲ್ಲ ಅನ್ನಿ. ಬೆಳಗಾವಿ ಕಡೆ ಅವರು ಕುಂದಾದ ಬಣ್ಣ ನೋಡಿ ಹಾಲು ಎಷ್ಟು ಹೊತ್ತು ಕುದಿಯಿತೆಂದು ಹೇಳುತ್ತಾರೆ. ಕಾಸರಗೋಡಿನ ಹವ್ಯಕರ ಮನೆಗಳಲ್ಲಿ ಹೋಳಿಗೆ ಬರುವ ಹೊತ್ತಿಗೆ ಸರಿಯಾಗಿ ಪಂಕ್ತಿಯ ತುದಿಯಲ್ಲಿ ನಿಂತು, ಯಾರ ಬಾಳೆಗೆ ಇನ್ನೊಂದು ಬೀಳಬೇಕೆಂದು ಕಣ್ಣಲ್ಲೇ ಅಪ್ಪಣೆ ಕೊಡುತ್ತಾರೆ. ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಸೀಮಂತಕ್ಕೆ ಗುಲಾಬ್ ಜಾಮೂನಿನ ಡಬ್ಬ ಲೆಕ್ಕ ಹಾಕುವವರೂ ಇದೇ ಕುಲ. ಆದರೆ ಗೆಜ್ಜಲಗೆರೆಯ ಮಾವನ ಮುಂದೆ ಇವರೆಲ್ಲ ಹವ್ಯಾಸಿಗಳು. ಅವರ ಊರೇ ಅಂಥದು. ಮದ್ದೂರು ದಾಟಿ ಮಂಡ್ಯದ ಕಡೆ ಹೊರಟರೆ ಸಿಗುವ ಈ ಊರಿನಲ್ಲೇ ಜಿಲ್ಲಾ ಹಾಲು ಒಕ್ಕೂಟದ ಡೇರಿ ಇದೆ. ಸುತ್ತ ನಾಲೆ ನೀರಿನ ಕಬ್ಬು. ಮುಂದೆ ಮಂಡ್ಯದಲ್ಲಿ ಲೆಸ್ಲಿ ಕೋಲ್ಮನ್ ಮುತುವರ್ಜಿಯಿಂದ 1933ರಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಂಪನಿ. ಒಂದು ಕೈಗೆ ತುಪ್ಪ, ಒಂದು ಕೈಗೆ ಬೆಲ್ಲ. ಇನ್ನು ಈ ನೆಲದಲ್ಲಿ ಹುಟ್ಟಿದ ಮನುಷ್ಯ ಸುಮ್ಮನೆ ಕೂರುವುದುಂಟೆ?

ಅವರು ಇಪ್ಪತ್ತೆಂಟು ವರ್ಷ ಹಳ್ಳಿಯೊಂದರ ಹಾಲಿನ ಸೊಸೈಟಿಯಲ್ಲಿ ಸೆಕ್ರೆಟರಿಯಾಗಿದ್ದವರು. ಬೆಳಿಗ್ಗೆ ಐದೂವರೆಗೆ ಎದ್ದು ಲ್ಯಾಕ್ಟೋಮೀಟರ್ ಮುಳುಗಿಸಿ, ಯಾರ ಎಮ್ಮೆ ನೀರು ಕುಡಿದಿದೆ, ಯಾರ ಹಾಲು ನೀರು ಕುಡಿದಿದೆ ಎಂದು ಬೇರ್ಪಡಿಸಿದವರು. ಹಸುವಿನ ಹಾಲೆಂದರೆ 3.5 ಫ್ಯಾಟು, 8.5 ಎಸ್‌ಎನ್‌ಎಫ್ ಎಂಬುದು ಅವರಿಗೆ ಗಾಯತ್ರಿ ಮಂತ್ರದ ಸಮಾನ. ನಿವೃತ್ತಿಯಾದ ಮೇಲೂ ಸೊಸೈಟಿಯ ಉದ್ದನೆ ರಿಜಿಸ್ಟರ್ ಮಾದರಿಯ ಪುಸ್ತಕವೊಂದು ಕಂಕುಳಲ್ಲಿ ಉಳಿದುಬಿಟ್ಟಿದೆ. ಅದರಲ್ಲಿ ಗೆರೆ ಎಳೆದು ಬಾಬ್ತು, ಬಂದದ್ದು, ಖರ್ಚಾದದ್ದು, ಉಳಿಕೆ, ಕೊನೆಗೆ ಷರಾ ಎಂದು ಕಾಲಂ ಮಾಡಿದ್ದಾರೆ. 'ಷರಾ' ಕಾಲಂ ಬಗ್ಗೆ ಮುಂದೆ ಹೇಳುವುದಿದೆ.

ಮಾವನ ತಮ್ಮನ ಮಗಳ ಮದುವೆ ಗೊತ್ತಾದದ್ದು ಮಾಘದಲ್ಲಿ. ಲಗ್ನ ವೈಶಾಖಕ್ಕೆ. ಮಂಟಪ, ಒಡವೆ, ಸೀರೆ ಯಾವುದೂ ನಿಶ್ಚಯವಾಗುವ ಮೊದಲೇ ರಿಜಿಸ್ಟರಿನ ಒಂದು ಪುಟ ತುಂಬಿತ್ತು. ಒಬ್ಬಟ್ಟು ತಲೆಗೆ ಒಂದೂವರೆ, ಕೆಜಿ ಬೇಳೆಗೆ ನಲವತ್ತು. ಜನ ಸಾವಿರದೈನೂರು ಎಂದಿಟ್ಟುಕೊಂಡರೆ 2,250 ಒಬ್ಬಟ್ಟು, ತೊಗರಿಬೇಳೆ 56 ಕೆಜಿ, ಬೆಲ್ಲವೂ ಅಷ್ಟೇ. ಲಾಡು 50 ಗ್ರಾಮಿನದು 1,700, ತೂಕದಲ್ಲಿ 85 ಕೆಜಿ. ಚಿರೋಟಿಗೆ ಬಾದಾಮಿ ಹಾಲು ಎಲೆಯ ಹತ್ತಿರವೇ ಹುಯ್ಯಬೇಕು, ಮುಂಚೆ ಹುಯ್ದರೆ ಮಡಿಕೆ ಮಡಿಕೆಯೂ ನೆಂದು ಗಂಜಿಯಾಗುತ್ತದೆ. ಗಸಗಸೆ ಪಾಯಸ ಬೇಡ, ಆರತಕ್ಷತೆಗೆ ಬಂದವರು ಅಲ್ಲೇ ತೂಕಡಿಸಿದರೆ ಮುಯ್ಯಿ ಬರೆಯುವವನಿಗೆ ನಷ್ಟ. ಕೊನೆಯ ಷರತ್ತು ಮಾವನೇ ಕೆಂಪು ಶಾಯಿಯಲ್ಲಿ ಬರೆದದ್ದು.

ಜನ ಸಾವಿರದೈನೂರು ಎಂಬ ಅಂಕಿ ಎಲ್ಲಿಂದ ಬಂತು ಎನ್ನುವುದನ್ನು ಈ ಲೇಖಕ ಆದಷ್ಟು ತಡವಾಗಿ ಒಪ್ಪಿಕೊಳ್ಳಲು ಬಯಸುತ್ತಾನೆ.

ಮೊದಲು ರುಚಿ ನೋಡುವ ಪ್ರವಾಸ. ಮಾವನಿಗೆ ಹನ್ನೆರಡು ವರ್ಷದಿಂದ ಶುಗರ್. ಹಾಗಾಗಿ ಕಣ್ಣು, ಮೂಗು, ಬೆರಳು ಮಾವನದು, ನಾಲಿಗೆ ಅಳಿಯನದು. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಬೈಕ್ ಹತ್ತಿದರು. ಮೊದಲ ನಿಲುಗಡೆ ಕೊಪ್ಪದ ರಸ್ತೆಯ ಒಂದು ಆಲೆಮನೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು (ಇಲ್ಲಿ ಕಬ್ಬಿನ ರಸಕ್ಕೂ ಹಾಲು ಎಂದೇ ಹೆಸರು, ಮಾವನಿಗೆ ಅದೂ ಒಂದು ಹೆಮ್ಮೆ). ಪಕ್ಕದಲ್ಲಿ ಅಚ್ಚುಬೆಲ್ಲದ ಸಾಲು, ಹಳದಿಗೆ ಹಳದಿ, ಫೋಟೋ ತೆಗೆಯುವಂತಿತ್ತು. ಅಳಿಯ ಅದಕ್ಕೆ ಕೈ ಹಾಕಿದ. ಮಾವ ಕೈ ಮೇಲೆ ಒಂದು ಕೊಟ್ಟರು. "ಬೆಳ್ಳಗದೆ ಅಂತ ತಕಂಡಿಯಾ? ಹೈಡ್ರೋಸ್ ಹಾಕವ್ರೆ ಕಣೋ. ಒಬ್ಬಟ್ಟಿಗೆ ಕಪ್ಪು ಬೆಲ್ಲವೇ ಬೆಲ್ಲ." ಬೆಂಡೆ ಗಿಡದ ಲೋಳೆ ಬಿಟ್ಟು ಕೊಳೆ ತೆಗೆದು, ಬಣ್ಣಕ್ಕೆ ಆಸೆ ಪಡದೆ ಇಳಿಸಿದ ಬೆಲ್ಲ ಕಂದಾಗಿಯೇ ಇರುತ್ತದೆ. ಅಂಥದೊಂದು ಚೂರನ್ನು ಲೋಟದ ನೀರಿಗೆ ಹಾಕಿ, ಕರಗುವ ತನಕ ಕಾದು, ಲೋಟವನ್ನು ಬಿಸಿಲಿಗೆ ಹಿಡಿದು ತಳದಲ್ಲಿ ನಿಂತ ಮರಳು ಎಣಿಸಿದರು. ಆಲೆಮನೆಯವನು ಬೀಡಿ ಹಚ್ಚಿಕೊಂಡು ಕೂತ. ಅವನು ಇಂಥವರನ್ನು ಕಂಡಿದ್ದ.

ಆಮೇಲೆ ಮೈಸೂರು ಪಾಕ್. ನಾಲ್ವಡಿ ಕೃಷ್ಣರಾಜ ಒಡೆಯರ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿತು ಎನ್ನುವ ಈ ತಿಂಡಿಗೆ ಇಂದು ಎರಡು ಮತಗಳಿವೆ. ಬಾಯಲ್ಲಿಟ್ಟರೆ ಬೆಣ್ಣೆಯಂತೆ ಕರಗುವ ಮೆತ್ತನೆಯದು ಒಂದು, ಜೇನುಗೂಡಿನಂತೆ ತೂತು ತೂತಾಗಿ ಕಡಿದರೆ ಕರಮ್ ಎನ್ನುವುದು ಇನ್ನೊಂದು. ಮಾವ ಗೂಡಿನ ಮತದವರು. ಕುದಿಯುವ ತುಪ್ಪ ಬಿದ್ದ ಕೂಡಲೆ ಪಾಕದಲ್ಲಿದ್ದ ಹಿಟ್ಟು ನೊರೆ ಕಟ್ಟಿ ಉಬ್ಬಬೇಕು, ಅದೇ ಗೂಡು. ಒಳಗಿನ ಕಾವಿಗೆ ನಡುವೆ ಕೆಂಪು ತಿರುಗಬೇಕು, ಅದೇ ಸಾಕ್ಷಿ. ಮದ್ದೂರಿನಿಂದ ಮಂಡ್ಯದವರೆಗೆ ಐದು ಅಂಗಡಿಯಲ್ಲಿ ಈ ಪರೀಕ್ಷೆ ನಡೆಯಿತು. "ಮದುವೆ ಆರ್ಡರು, ಒಸಿ ರುಚಿ ನೋಡುವ ಅಂತ" ಎಂಬ ಪೀಠಿಕೆ. ಒಂದು ತುಂಡನ್ನು ಮುರಿಯುವುದು, ಬೆಳಕಿಗೆ ಹಿಡಿದು ತೂತು ನೋಡುವುದು, ಬೆರಳಲ್ಲಿ ಹಿಂಡುವುದು, ಮೂಸುವುದು, ಕೊನೆಗೆ ಅಳಿಯನ ಬಾಯಿಗೆ ತುರುಕುವುದು.

"ಹೇಳು."

"ಚೆನ್ನಾಗದೆ ಮಾವ."

"ಚೆನ್ನಾಗದೆ ಅನ್ನಾದು ಒಂದು ರಿಪೋರ್ಟಾ? ನುಂಗಿದ್ಮೇಲೆ ಅಂಗಳ ಏನಂತದೆ?"

ಅಂಗಳ ಜಿಡ್ಡು ಎನ್ನುತ್ತಿತ್ತು. ಹಾಗಾದರೆ ಡಾಲ್ಡಾ. ತುಪ್ಪ ಬಾಯಿಯ ಬಿಸಿಗೇ ಕರಗಿ ಹೋಗುತ್ತದೆ, ವನಸ್ಪತಿಗೆ ಆ ಬಿಸಿ ಸಾಲದೆ ಮೇಣದಂತೆ ಮೆತ್ತಿಕೊಳ್ಳುತ್ತದೆ. ಈ ವಿಜ್ಞಾನವನ್ನು ಮಾವ ಅಂಗಡಿಯವನ ಎದುರಿಗೇ, ಅವನಿಗೆ ಕೇಳುವ ಹಾಗೆ ವಿವರಿಸಿದರು. ಎರಡನೆಯ ಅಂಗಡಿಯಲ್ಲಿ ಏಲಕ್ಕಿ ಜಾಸ್ತಿ ("ಏನೋ ಮುಚ್ಚಾಕ್ತಾವ್ರೆ"). ಮೂರನೆಯದರಲ್ಲಿ ಜಹಾಂಗೀರಿಗೂ ಜಿಲೇಬಿಗೂ ವ್ಯತ್ಯಾಸ ಗೊತ್ತಿಲ್ಲದ ಹುಡುಗ ಸಿಕ್ಕಿ, ಅವನಿಗೆ ಉದ್ದಿನಬೇಳೆ ಯಾವುದರದು, ಹುಳಿ ಬಂದ ಮೈದಾ ಯಾವುದರದು ಎಂದು ಹದಿನೈದು ನಿಮಿಷ ಪಾಠ. ಅಷ್ಟು ಹೊತ್ತಿಗೆ ಅಳಿಯನ ಹೊಟ್ಟೆಯಲ್ಲಿ ಏಳು ತುಂಡು ಮೈಸೂರು ಪಾಕ್, ಮೂರು ಬಾದೂಷಾ, ಅಂಟಿಕೊಂಡ ಒಂದು ಪೇಡ ಇದ್ದವು. ವಾಪಸ್ಸು ಬರುವಾಗ ಮದ್ದೂರು. 1917ರಲ್ಲಿ ರಾಮಚಂದ್ರ ಬುಧ್ಯರು ರೈಲು ನಿಲ್ದಾಣದಲ್ಲಿ ತಟ್ಟಿ ಕರಿದ ದಿನದಿಂದ ದಾರಿಹೋಕರನ್ನು ಕಾಪಾಡುತ್ತಿರುವ ವಡೆಯ ಊರು. ಈರುಳ್ಳಿ ಕರಿಬೇವಿನ ವಾಸನೆ ಮೂಗಿಗೆ ಹೊಡೆಯಿತು. ಅಳಿಯ ಬೈಕ್ ನಿಲ್ಲಿಸಿದ.

"ಒಂದೇ ಒಂದು ವಡೆ ಮಾವ."

"ಇನ್ನೊಂದು ಅಂಗಡಿ ಬಾಕಿ ಅದೆ. ಖಾರ ಬಿದ್ದ ನಾಲ್ಗೆ ಸಾಕ್ಷಿ ಹೇಳಕ್ಕೆ ಬರಾಕಿಲ್ಲ. ನಡಿ."

ಮದ್ದೂರಿಗೆ ಹೋಗಿ ವಡೆ ತಿನ್ನದೆ ಬಂದವರ ಪಟ್ಟಿ ಯಾರಾದರೂ ಮಾಡಿದರೆ ಈ ಲೇಖಕನ ಹೆಸರು ಅದರಲ್ಲಿ ಒಂಟಿಯಾಗಿ ಇರುತ್ತದೆ.

ಇಷ್ಟೆಲ್ಲ ಆದ ಮೇಲೆ ಬೆಂಗಳೂರಿನಿಂದ ಮದುಮಗಳು ಬಂದಳು. ಸಾಫ್ಟ್‌ವೇರ್ ಕೆಲಸ, ಕೈಯಲ್ಲಿ ಫೋನು, ಫೋನಿನ ತುಂಬ ಚಿತ್ರ. ಆರತಕ್ಷತೆಗೆ ಡೆಸರ್ಟ್ ಟೇಬಲ್ ಬೇಕಂತೆ. ಬಿಳಿ ಬಟ್ಟೆ ಹಾಸಿದ ಉದ್ದ ಮೇಜು, ಮೆಟ್ಟಿಲು ಮೆಟ್ಟಿಲು ತಟ್ಟೆ, ಕಪ್ ಕೇಕು, ಗಾಜಿನ ಪುಟ್ಟ ಲೋಟದಲ್ಲಿ ಪದರ ಪದರ ಏನೋ, ನಡುವೆ ಗುಲಾಬಿ, ತಿಳಿನೀಲಿ, ಪಿಸ್ತಾ ಬಣ್ಣದ ಗುಂಡನೆಯ ಜೋಡಿ ಬಿಲ್ಲೆಗಳು. ಮಾವ ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದು ನೋಡಿದರು.

"ಇದೇನವ್ವ, ಬಿಸ್ಕತ್ತಾ, ಕೋಟಿನ ಗುಂಡಿಯಾ?"

"ಮ್ಯಾಕರಾನ್ ದೊಡ್ಡಪ್ಪ. ಫ್ರಾನ್ಸಿಂದು. ಬಾದಾಮಿ ಹಿಟ್ಟು, ಮೊಟ್ಟೆ ಬಿಳಿ, ಸಕ್ಕರೆ, ಅಷ್ಟೇ."

ಮೊಟ್ಟೆ ಎಂಬ ಮಾತು ಬಿದ್ದದ್ದೇ ಮನೆ ನಿಶ್ಶಬ್ದ. ಈ ಕಡೆಯ ಒಕ್ಕಲು ಮನೆಗಳಲ್ಲಿ ಮೊಟ್ಟೆ ಮೈಲಿಗೆಯೇನಲ್ಲ. ಬೀಗರೂಟದ ದಿನ ಮುದ್ದೆ, ಬೋಟಿ ಗೊಜ್ಜು, ತಲೆಮಾಂಸಕ್ಕೆ ಜನ ನುಗ್ಗುವುದನ್ನು ನೋಡಬೇಕು. ಆದರೆ ಧಾರೆ ಮುಗಿಯುವ ತನಕ ಚಪ್ಪರದೊಳಗೆ ಮೊಟ್ಟೆ ಕಾಲಿಡುವಂತಿಲ್ಲ. ಮದುಮಗಳ ಕಣ್ಣು ತುಂಬಿತು. ಮಾವ ರಿಜಿಸ್ಟರ್ ತೆಗೆದು, ಕನ್ನಡಕ ಇಳಿಸಿ, ಪೆನ್ನು ಕೊಡವಿ ತೀರ್ಪು ಬರೆದರು. ಕಪ್ ಕೇಕು ಮೊಟ್ಟೆಯಿಲ್ಲದ್ದಾದರೆ ಆರತಕ್ಷತೆಗೆ. ಮ್ಯಾಕರಾನು ಬೀಗರೂಟಕ್ಕೆ, ಬೋಟಿ ಗೊಜ್ಜಾದ ಮೇಲೆ. ಪ್ಯಾರಿಸ್ಸಿನ ಆ ತಿನಿಸಿಗೆ ಭೂಮಿಯ ಮೇಲೆ ಎಲ್ಲಿಯೂ ಇಂಥ ಸ್ಥಾನ ಸಿಕ್ಕಿರಲಾರದು. ಅಂದಹಾಗೆ, ಬೀಗರು ಅದನ್ನು ಮುದ್ದೆಯಂತೆಯೇ ಅಗಿಯದೆ ನುಂಗಿದರು.

ಆರತಕ್ಷತೆಯ ಸಂಜೆ ಬೆಂಗಳೂರಿನಿಂದ ಕಪ್ ಕೇಕಿನ ವ್ಯಾನ್ ಹೊರಟಿತು. 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ 118 ಕಿಲೋಮೀಟರಿನ ಹೊಸ ಹೆದ್ದಾರಿ. ಆ ಸಮಾರಂಭ ನಡೆದದ್ದೇ ಗೆಜ್ಜಲಗೆರೆಯ ಬಳಿ. ಮಾವನಿಗೆ ಆ ರಸ್ತೆಯ ಮೇಲೆ ಅಂದಿನಿಂದಲೂ ಅಸಮಾಧಾನ. ಊರುಗಳನ್ನು ಬದಿಗೆ ತಳ್ಳಿ ಹೋಗುವ ರಸ್ತೆಯಲ್ಲಿ ವಡೆ ತಿನ್ನಲು ಯಾರು ಇಳಿಯುತ್ತಾರೆ ಎಂಬುದು ಅವರ ವಾದ. ವ್ಯಾನಿನವನು ಆ ವಾದಕ್ಕೆ ಪುರಾವೆ ಒದಗಿಸಿದ. ಇಳಿಯಬೇಕಾದಲ್ಲಿ ಇಳಿಯದೆ, ಮಂಡ್ಯದ ಬೈಪಾಸನ್ನೂ ದಾಟಿ, ಶ್ರೀರಂಗಪಟ್ಟಣದ ಹತ್ತಿರ ಹೋಗಿ ಫೋನ್ ಮಾಡಿದ. ತಿರುಗಿ ಬರುವಷ್ಟರಲ್ಲಿ ವೈಶಾಖದ ಸೆಕೆಗೆ ಕೇಕಿನ ಮೇಲಿನ ಕ್ರೀಮು ತಲೆಯಿಂದ ಜಾರಿದ ಪೇಟದ ಹಾಗೆ ಕಿವಿಗೆ ಬಂದಿತ್ತು.

ಈ ಹೊತ್ತಿನಲ್ಲಿ ಮಾವ ಒಂದು ಮಾತನ್ನಾಡಬಹುದಿತ್ತು. ಆಡುತ್ತಾರೆಂದು ಎಲ್ಲರೂ ಕಾದರು. ಅವರು ಪಂಚೆ ಎತ್ತಿ ಕಟ್ಟಿ ಉಗ್ರಾಣದೊಳಗೆ ಹೋದರು. ನಲವತ್ತು ಲೀಟರಿನ ಹಾಲಿನ ಕ್ಯಾನುಗಳಲ್ಲಿ ಐಸ್ ನೀರು ತುಂಬಿಸಿದರು. ನಾಲ್ಕನ್ನು ಚೌಕಕ್ಕೆ ನಿಲ್ಲಿಸಿ, ನಡುವೆ ಕೇಕಿನ ಪೆಟ್ಟಿಗೆ ಇಳಿಸಿ, ಮೇಲೆ ಒದ್ದೆ ಗೋಣಿ ಹೊದೆಸಿ ಫ್ಯಾನ್ ತಿರುಗಿಸಿದರು. ಕರೆಂಟ್ ಇಲ್ಲದ ಬೇಸಿಗೆಗಳಲ್ಲಿ, ಲಾರಿ ಬರುವ ತನಕ ಸೊಸೈಟಿಯ ಹಾಲು ಒಡೆಯದಂತೆ ನೋಡಿಕೊಂಡ ವಿದ್ಯೆ ಅದು. ಮುಕ್ಕಾಲು ಗಂಟೆಗೆ ಕ್ರೀಮು ಗಟ್ಟಿಯಾಯಿತು. ಅರ್ಧದಷ್ಟು ಕೇಕು ಉಳಿದವು. ಮೇಜಿನ ಮೇಲೆ ಕಂಡ ಖಾಲಿ ಜಾಗಗಳಿಗೆ ಮಾವ ತಂಬಿಟ್ಟಿನ ಉಂಡೆ ಜೋಡಿಸಿದರು. ಫೋಟೋಗಳಲ್ಲಿ ಅದೇ ಚೆನ್ನಾಗಿ ಬಂದಿದೆ ಎಂದು ಮದುಮಗಳು ಈಗ ಹೇಳುತ್ತಾಳೆ. ಮಕ್ಕಳು ಕ್ರೀಮು ನೆಕ್ಕಿ ಕೇಕನ್ನು ಕುರ್ಚಿಯಡಿ ಬಿಟ್ಟು ಓಡಿದಾಗ ಮಾತ್ರ ಮಾವ ತಲೆ ಮೇಲೆ ಕೈ ಹೊತ್ತು ನಿಂತರು. ಒಬ್ಬಟ್ಟಿನ ಹೂರಣ ತಿಂದು ಕಣಕ ಬಿಡುವ ಜನ ಹುಟ್ಟಿದರಲ್ಲ ಎಂದು ಅವರ ಸಂಕಟ.

ಮಾರನೆ ದಿನ ಮುಹೂರ್ತ. ಅಂದಿನಿಂದ ಶುರುವಾಗುವುದು ಈ ಕುಲದ ನಿಜವಾದ ಕಾಟ: ಉಗ್ರಾಣದ ಬೀಗದ ಕೈ. ಅದನ್ನು ಮಾವ ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಮಾವ, ತೊಡೆಯ ಮೇಲೆ ರಿಜಿಸ್ಟರ್. ಬಡಿಸುವ ಹುಡುಗರು ಬುಟ್ಟಿ ಹಿಡಿದು ಬಂದರೆ "ಎಷ್ಟನೆ ಪಂಕ್ತಿ? ಎಷ್ಟೆಲೆ?" ಎಂದು ಕೇಳಿ, ಎಣಿಸಿ, ಬರೆದು, ಕೊಟ್ಟು, ಮತ್ತೆ ಬೀಗ. ಎರಡನೆಯ ಸಲ ಲಾಡು ಕೇಳಿದ ಬೀಗರಿಗೆ ಕೊಡದಿದ್ದರೆ ಮಾನ ಹೋಗುತ್ತದೆಂದು ಮದುಮಗಳ ತಂದೆಯೇ ಬಂದು ಬೇಡಿದರೂ ಎರಡು ನಿಮಿಷ ಯೋಚನೆ ಮಾಡಿದರು. ಐದು ಅಂಗಡಿ ಸುತ್ತಿ ಹೊಟ್ಟೆ ಕೆಡಿಸಿಕೊಂಡ ಅಳಿಯ ಒಂದು ಲಾಡಿಗೆ ಕೈ ಚಾಚಿದ.

"ಊಟ ಮಾಡ್ದ?"

"ಇನ್ನೂ ಇಲ್ಲ ಮಾವ."

"ಎಲೆ ಮೇಲೆ ಬತ್ತದೆ. ಹೋಗು."

ಹೀಗೆ ಜಿಪುಣತನ ಮಾಡುವುದಕ್ಕೆ 85 ಕೆಜಿ ಯಾಕೆ ಮಾಡಿಸಬೇಕಿತ್ತು ಎಂದು ಅಳಿಯ ಗೊಣಗಿದ್ದು ಮಾವನಿಗೆ ಕೇಳಿಸಿತೋ ಇಲ್ಲವೋ.

ಮೂರೂವರೆ ಹೊತ್ತಿಗೆ ಮಂಟಪ ಖಾಲಿಯಾಗುತ್ತ ಬಂತು. ಮದುವೆಗಳಲ್ಲಿ ಕೊನೆಯ ಪಂಕ್ತಿಗೆ ಹೆಸರಿಲ್ಲ. ವಾಲಗದವರು, ಶಾಮಿಯಾನದ ಹುಡುಗರು, ಬಸ್ಸಿನ ಡ್ರೈವರ್, ಪಾತ್ರೆ ತೊಳೆಯುವ ಹೆಂಗಸರು, ಎಲೆ ಎತ್ತುವವರು. ಅಷ್ಟು ಹೊತ್ತಿಗೆ ಪಲ್ಯ ತಳ ಕಂಡಿರುತ್ತದೆ, ಸಾರಿಗೆ ನೀರು ಬಿದ್ದಿರುತ್ತದೆ, ಚಿರೋಟಿಯ ಪುಡಿ ಉಳಿದಿರುತ್ತದೆ. ಮಾವ ಎದ್ದು, ಕುರ್ಚಿ ಮಡಿಸಿದಂತೆ ಸೊಂಟ ನೆಟ್ಟಗೆ ಮಾಡಿಕೊಂಡು, ಬೀಗ ತೆಗೆದರು. ಮೂಲೆಯಲ್ಲಿ ಬಾಳೆಎಲೆ ಮುಚ್ಚಿಟ್ಟಿದ್ದ ಎರಡು ಬುಟ್ಟಿ ಹೊರಬಂದವು. ಮೊದಲ ಪಂಕ್ತಿಯ ಬೀಗರಿಗೆ ಬಿದ್ದ ಅದೇ ಒಬ್ಬಟ್ಟು, ಅದೇ ಅಳತೆ. ಒಬ್ಬಟ್ಟಿನ ಮೇಲೆ ತುಪ್ಪವನ್ನು ಮಾವನೇ ಹುಯ್ದರು, ಸೌಟು ಬಗ್ಗಿಸಿ, ಸಾಕು ಎಂದು ಕೈ ಅಡ್ಡ ಬರುವ ತನಕ. ಪಾತ್ರೆಯ ಹೆಂಗಸರಲ್ಲಿ ಒಬ್ಬಾಕೆ ಸಾಕು ಅನ್ನಲೇ ಇಲ್ಲ. ಮಾವ ನಿಲ್ಲಿಸಲೂ ಇಲ್ಲ. ತುಪ್ಪ ಎಲೆ ದಾಟಿ ಮೇಜಿನ ಕಾಗದಕ್ಕೆ ಹರಿಯಿತು, ಇಬ್ಬರೂ ನಕ್ಕರು.

ಆ ಸಂಜೆ ಮಾವ ಹೇಳಿದ ಸಂಗತಿ ಇಷ್ಟು. ಅವರ ದೊಡ್ಡಕ್ಕನ ಮದುವೆ ಕಾಲಕ್ಕೆ ಸಕ್ಕರೆಗೆ ರೇಷನ್ ಇತ್ತು. ಲಗ್ನಪತ್ರಿಕೆ ತೋರಿಸಿ ತಾಲೂಕು ಕಚೇರಿಯಲ್ಲಿ ಪರ್ಮಿಟ್ ಬರೆಸಬೇಕು. ಗದ್ದೆಯಲ್ಲಿ ಕಬ್ಬು ನಿಂತಿದೆ, ಗಾಡಿಗಟ್ಟಲೆ ಮಂಡ್ಯದ ಫ್ಯಾಕ್ಟರಿಗೆ ಹೋಗುತ್ತಿದೆ, ಮನೆ ಮದುವೆಗೆ ಸಕ್ಕರೆ ಮಾತ್ರ ಸರ್ಕಾರ ಅಳೆದು ಕೊಟ್ಟಷ್ಟು. ಪಾಯಸ ಬಡಿಸುವ ಕೆಲಸ ಹತ್ತು ವರ್ಷದ ಮಾವನದು. ಕೊನೆ ಪಂಕ್ತಿಗೆ ಬರುವಾಗ ಯಾರೋ ಕೊಳದಪ್ಪಲೆಗೆ ಎರಡು ಚೊಂಬು ನೀರು ಹುಯ್ದರು. ವಾಲಗದ ಮುದುಕ ಒಂದು ಗುಟುಕು ಕುಡಿದು, ಹುಡುಗನ ಮುಖ ನೋಡಿ, "ಚೆನ್ನಾಗದೆ ಮಗ" ಅಂದನಂತೆ.

"ಚೆನ್ನಾಗದೆ" ಎಂಬ ರಿಪೋರ್ಟನ್ನು ಮಾವ ಯಾಕೆ ಒಪ್ಪುವುದಿಲ್ಲ ಎಂಬುದು ಅಳಿಯನಿಗೆ ಆಗ ಹೊಳೆಯಿತು. ಹೊಳೆದದ್ದನ್ನು ಅವನು ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಬೈಗುಳ ಬೀಳುತ್ತಿತ್ತು.

ಯಾಕೆಂದರೆ ಅಷ್ಟರಲ್ಲಿ ಉಳಿಕೆಯ ಎಣಿಕೆ ಶುರುವಾಗಿತ್ತು. ಎಷ್ಟು ಜನ ಉಂಡರೆಂದು ತಿಳಿಯಬೇಕಾದರೆ ಜನರನ್ನು ಎಣಿಸುವುದಿಲ್ಲ, ಎಲೆಗಳನ್ನು ಎಣಿಸುತ್ತಾರೆ. ಅಡುಗೆ ಕಂಟ್ರಾಕ್ಟರಿನ ದುಡ್ಡೂ ಎಲೆ ಲೆಕ್ಕದ್ದೇ. ಬಿದ್ದ ಎಲೆ 1,240. ಎರಡನೆ ಸಲ ಹಾಕಿಸಿಕೊಂಡದ್ದು, ಮಕ್ಕಳ ಕೈಗೆ ಕೊಟ್ಟದ್ದು ಎಲ್ಲ ಕಳೆದು ಲಾಡು ಉಳಿದದ್ದು 312. ಅದೇ ಲಗ್ನಕ್ಕೆ ಮಂಡ್ಯ, ಮಳವಳ್ಳಿ, ಮದ್ದೂರಿನಲ್ಲೆಲ್ಲ ಮದುವೆಗಳಿದ್ದು ಜನ ಹಂಚಿಹೋಗಿದ್ದರು. ಮಾವ ಮೊದಲಿಗೆ ಬೆರಳು ಮಡಿಸಿ, ಪತ್ರಿಕೆ ಪಟ್ಟಿಯಲ್ಲಿ ಗಂಡ ಹೆಂಡತಿ ಬರುವವರು, ಒಬ್ಬರೇ ಬರುವವರು, ಮುಯ್ಯಿ ಹಾಕಿ ಊಟಕ್ಕೆ ನಿಲ್ಲದೆ ಹೋಗುವವರು ಎಂದು ಮೂರು ಪಾಲು ಮಾಡಿ, "ಸಾವಿರದ ಮುನ್ನೂರೈವತ್ತರ ಮೇಲೆ ಬರಾಕಿಲ್ಲ" ಅಂದಿದ್ದರು. ಆಗ ಕಂಪ್ಯೂಟರ್ ತೆರೆದು ಎಕ್ಸೆಲ್ಲಿನಲ್ಲಿ ಎಂಟುನೂರು ಪತ್ರಿಕೆ ಹೊಡೆದು, ಗುಣಿಸಿ, ಶೇಕಡಾ ಕಳೆದು, ಬಣ್ಣದ ನಕ್ಷೆ ಸಮೇತ ಸಾವಿರದೈನೂರು ಎಂದು ತೋರಿಸಿ, ಬೆರಳೆಣಿಕೆಯ ಕಾಲ ಹೋಯಿತು ಮಾವ ಎಂದು ನಕ್ಕವನೊಬ್ಬನಿದ್ದ.

ರಾತ್ರಿ ಹೊರಟ ಪ್ರತಿ ನೆಂಟರ ಕೈಯಲ್ಲೂ ಲಾಡಿನ ಕವರ್ ಇತ್ತು. ಬೇಡವೆಂದವರ ಕಾರಿನ ಡಿಕ್ಕಿಯಲ್ಲೂ ಇತ್ತು. ಅಳಿಯನ ಪಾಲಿಗೆ ನಲವತ್ತು ಬಂದವು.

ಬೀಗರೂಟವಾದ ಮಾರನೆ ದಿನ ರಿಜಿಸ್ಟರನ್ನು ಮುಚ್ಚುವ ಮುನ್ನ ಮಾವ ಅದನ್ನು ಅಳಿಯನ ಕೈಗೆ ಕೊಟ್ಟು ಓದು ಅಂದರು. ಸೊಸೈಟಿಯ ಅದೇ ಗುಂಡು ಅಕ್ಷರ. ಒಬ್ಬಟ್ಟು, ಚಿರೋಟಿ, ತಂಬಿಟ್ಟು, ಎಲ್ಲದರ ಮುಂದೆಯೂ ಷರಾ ಕಾಲಂನಲ್ಲಿ 'ಸರಿ' ಎಂದಿತ್ತು. ಮ್ಯಾಕರಾನಿನ ಮುಂದೆ 'ಗುಂಡಿ. ಉಳಿಕೆ ಇಲ್ಲ.' ಲಾಡಿನ ಸಾಲು ಮಾತ್ರ ಕೆಂಪು ಶಾಯಿಯಲ್ಲಿತ್ತು. ಬಂದದ್ದು 1,700. ಖರ್ಚು 1,388. ಉಳಿಕೆ 312. ಷರಾ: ಅಳಿಯ ಎಣಿಸಿದ್ದು.